ಜರ್ಮನಿಯಲ್ಲಿ ಹೈಸ್ಕೂಲ್ ತೇರ್ಗಡೆ: ಕೊಡಗಿನಿಂದ ಬರುವ ಪೋಷಕರಿಗೆ

ಮಡಿಕೇರಿ, ಗೋಣಿಕೊಪ್ಪ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುವವರು ಮೊದಲು ಅಂಕದ ಲೆಕ್ಕವನ್ನು ತಿರುಗುಮುರುಗು ಮಾಡಿಕೊಳ್ಳಿ. ಇಲ್ಲಿ 1 ಅತ್ಯುತ್ತಮ, 4 ಬಂದರೆ ಪಾಸು, 5 ಮತ್ತು 6 ಫೇಲು. 625ಕ್ಕೆ ಇಷ್ಟು ಎಂಬ ಒಟ್ಟು ಮೊತ್ತವಿಲ್ಲ. ಪ್ರತಿ ವಿಷಯವನ್ನೂ ಬೇರೆಯಾಗಿಯೇ ನೋಡುತ್ತಾರೆ. 16 ರಾಜ್ಯಗಳಿಗೆ ಒಂದೊಂದು ನಿಯಮ. ಇಲ್ಲಿ ಹೇಳುತ್ತಿರುವುದು ಕಲೋನ್, ಡಸೆಲ್‌ಡಾರ್ಫ್ ಇರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಗಿಮ್ನಾಸಿಯಂ, ಅಂದರೆ ಮುಂದೆ ವಿಶ್ವವಿದ್ಯಾಲಯಕ್ಕೆ ಅಣಿಗೊಳಿಸುವ ಹೈಸ್ಕೂಲುಗಳ ವಿಚಾರ.

ನಮ್ಮ ಮಕ್ಕಳು ಎಡವುವುದು ಪರೀಕ್ಷೆಯಲ್ಲಲ್ಲ, ತರಗತಿಯಲ್ಲಿ. ಬರೆದ ಪರೀಕ್ಷೆಯ ಜೊತೆಗೆ ಪಾಠದಲ್ಲಿ ಬಾಯಿಬಿಟ್ಟು ಭಾಗವಹಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ತೂಕ. ಗಣಿತದಲ್ಲಿ 2 ಬರೆದ ಹುಡುಗಿ ಕೈಯನ್ನೇ ಎತ್ತದೆ ಕೂತರೆ ಮೌಖಿಕದಲ್ಲಿ 5 ಬಿದ್ದು, ಮಾರ್ಕ್ಸ್ ಕಾರ್ಡಿನಲ್ಲಿ 3 ಅಥವಾ 4 ಕಾಣಿಸುತ್ತದೆ. ಮೇಷ್ಟ್ರು ಕೇಳಿದಾಗ ಹೇಳಿದರಾಯ್ತು ಅನ್ನುವುದು ಇಲ್ಲಿ ನಡೆಯದು. ಪೋಷಕರ ಸಭೆಗೆ ಹೋದಾಗ 'ಮೌಖಿಕದಲ್ಲಿ ಈಗ ಎಷ್ಟಿದೆ?' ಎಂದು ನೇರವಾಗಿಯೇ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಜರ್ಮನ್, ಗಣಿತ, ಮೊದಲ ಮತ್ತು ಎರಡನೇ ವಿದೇಶಿ ಭಾಷೆ, ಇವು ಮುಖ್ಯ ವಿಷಯಗಳು. ಇವುಗಳಲ್ಲಿ ಒಂದರಲ್ಲಿ 5 ಬಂದರೆ, ಇದೇ ಗುಂಪಿನ ಇನ್ನೊಂದರಲ್ಲಿ ಕನಿಷ್ಠ 3 ಇದ್ದರಷ್ಟೇ ಸರಿದೂಗುತ್ತದೆ. ಚಿತ್ರಕಲೆಯ 1 ಗಣಿತದ 5ಕ್ಕೆ ಆಸರೆಯಾಗದು. ಮುಖ್ಯ ವಿಷಯಗಳಲ್ಲಿ ಎರಡು 5 ಬಂದರೆ ಅದೇ ತರಗತಿಯಲ್ಲಿ ಮತ್ತೊಂದು ವರ್ಷ. ಉಳಿದ ವಿಷಯಗಳಲ್ಲಿ ಒಂದೇ ಒಂದು 5 ಇದ್ದರೆ ಚಿಂತೆಯಿಲ್ಲ. ಎಲ್ಲ ಮಟ್ಟದ ಮಕ್ಕಳೂ ಒಟ್ಟಿಗೆ ಕಲಿಯುವ ಗೆಸಾಮ್ಟ್‌ಶೂಲೆ ಎಂಬ ಶಾಲೆಯಲ್ಲಾದರೆ 9ನೇ ತರಗತಿಯವರೆಗೆ ಸಾಮಾನ್ಯವಾಗಿ ಈ ತಲೆನೋವೇ ಇಲ್ಲ.

ಜನವರಿ ಕೊನೆಯ ಹೊತ್ತಿಗೆ ಅರ್ಧವಾರ್ಷಿಕ ಕಾರ್ಡ್ ಬರುತ್ತದೆ. ಅದಾದ ಮೇಲೆ ಯಾವುದಾದರೂ ವಿಷಯ ಕುಸಿದು ತೇರ್ಗಡೆ ಅನುಮಾನವಾದರೆ, ತೀರ್ಮಾನಕ್ಕೆ 10 ವಾರ ಮುಂಚೆಯೇ ಶಾಲೆ ಪತ್ರ ಕಳಿಸಬೇಕು. 'ಬ್ಲೌವರ್ ಬ್ರೀಫ್' ಎನ್ನುತ್ತಾರೆ. ಅದನ್ನು ಬದಿಗಿಡಬೇಡಿ, ಅದೇ ವಾರ ಆ ವಿಷಯದ ಶಿಕ್ಷಕರನ್ನು ಕಾಣಿ.

ಹುತ್ತರಿಗೆ ಊರಿಗೆ ಹೋಗುವ ಆಸೆ ಯಾರಿಗಿಲ್ಲ? ಆದರೆ ಅದು ಬರುವುದು ಶಾಲೆ ನಡೆಯುವ ದಿನಗಳಲ್ಲಿ. ಅನುಮತಿಯಿಲ್ಲದೆ ಹೋಗಿ ಪರೀಕ್ಷೆ ತಪ್ಪಿಸಿದರೆ 6 ಬೀಳಬಹುದು. ರಜೆಗೆ ಹೊಂದಿಕೊಂಡಂತೆ ಎರಡು ದಿನ ಹೆಚ್ಚು ಕೇಳಿದರಂತೂ ಒಪ್ಪುವುದು ಬಹಳ ಅಪರೂಪ.

7ನೇ ತರಗತಿಯಿಂದ ಮೇಲಿನವರಿಗೆ, ಒಂದೇ ವಿಷಯದಲ್ಲಿ ಒಂದು ದರ್ಜೆ ಸುಧಾರಿಸಿದರೆ ತೇರ್ಗಡೆಯಾಗುವಂತಿದ್ದರೆ, ಮರುಪರೀಕ್ಷೆಯ ಅವಕಾಶವಿದೆ. ಅದು ನಡೆಯುವುದು ಬೇಸಿಗೆ ರಜೆಯ ಕೊನೆಯಲ್ಲಿ, ಹೊಸ ವರ್ಷದ ಪಾಠ ಶುರುವಾಗುವ ಮುನ್ನ. ಊರಿಂದ ವಾಪಸಾಗುವ ಟಿಕೆಟ್ಟನ್ನು ಆ ದಿನಾಂಕ ನೋಡಿಕೊಂಡೇ ಮಾಡಿಸಿ.