ಗಜನಿ ಗದ್ದೆಯ ಪಾಠಕ್ಕೆ ಅಂಕ ಕೊಡುವುದು ಹೇಗೆ?

ಕುಮಟಾ ಕಡೆಯ ಶಿಕ್ಷಕರು ಪ್ರಾಜೆಕ್ಟಿಗೆ ವಿಷಯ ಹುಡುಕಿ ಅಲೆಯಬೇಕಾಗಿಲ್ಲ ಮಾರಾಯ್ರೆ. ಅಘನಾಶಿನಿ ನದಿಯ ದಡದಲ್ಲಿ ಉಬ್ಬರದ ಉಪ್ಪುನೀರು ಬರುವ ತಗ್ಗಿನ ಗಜನಿ ಗದ್ದೆ ಇದೆ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಇದೆ. ಏಳನೇ ತರಗತಿಗೆ ನಾನು ಮಾಡಿಸುವ ಕ್ರಮ ಇದು.

ಮೊದಲೇ ಉತ್ತರ ಹೇಳಬೇಡಿ. ನೀರು ಇಳಿದ ಹೊತ್ತಿಗೆ, ಒಂದಿಬ್ಬರು ಪಾಲಕರನ್ನೂ ಕರೆದುಕೊಂಡು, ಗದ್ದೆಗೆ ನೀರು ಬಿಡುವ, ತಡೆಯುವ ಹಲಗೆ ಬಾಗಿಲಿರುವ ಕಟ್ಟೆಯ ಹತ್ತಿರ ಹೋಗಿ. ಪ್ರತಿ ಮಗುವಿನಿಂದ ಮೂರು ಪ್ರಶ್ನೆ ಬರೆಸಿ. “ಅಕ್ಕೋರೆ, ಆ ಹಲಗೆ ಬಾಗಿಲು ತೆಗಿಯೋದು ಯಾವಾಗ?” ಎಂದು ಯಾರಾದರೂ ಕೇಳಿದರೆ ಉಬ್ಬರವಿಳಿತದ ಪಾಠ ಅಲ್ಲೇ ಶುರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂಬುದನ್ನು ಬಾಯಲ್ಲಿ ಹೇಳದೆ, ನಾಲ್ಕು ದಿನ ಹೊತ್ತು ನೋಡಿ ಬರೆಯಲು ಬಿಡಿ. ಕೋಷ್ಟಕದ ಗೆರೆಯೂ ಅವರದೇ ಇರಲಿ. ಮನೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಅಜ್ಜಿಯಿದ್ದರೆ ಆ ಮಗು ನಮಗಿಂತಲೂ ಮುಂದೆ!

ಇನ್ನು ಅಂಕ. ಕಲಿಕೆಯ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ ವರ್ಷಕ್ಕೆ ನಾಲ್ಕು ಸಲ ಹೇಗೂ ಇದೆ; ಒಂದರ ಚಟುವಟಿಕೆಯನ್ನು ಇದಕ್ಕೆ ಇಡಿ. ಹತ್ತರಲ್ಲಿ ಸ್ವಂತ ಪ್ರಶ್ನೆಗೆ 3, ನೋಡಿ ಕೇಳಿ ಬರೆದದ್ದಕ್ಕೆ 4, ಗೆಳೆಯರ ಮಾತು ಕೇಳಿ ತಿದ್ದಿಕೊಂಡದ್ದಕ್ಕೆ 3. ಈ ಹಂಚಿಕೆ ಮೊದಲ ದಿನವೇ ಬೋರ್ಡಿನ ಮೇಲಿರಲಿ. ಅಂದಕ್ಕೆ ಅಂಕವಿಲ್ಲ. ಪೇಟೆಯ ಥರ್ಮಾಕೋಲ್ ಮಾದರಿ ಅಪ್ಪನ ಸೃಜನಶೀಲತೆ, ಮಗುವಿನದ್ದಲ್ಲ. ಹಳೆ ಕರಡು, ಹೊಸ ಕರಡು ಎರಡನ್ನೂ ಒಟ್ಟಿಗೆ ಪಿನ್ ಮಾಡಿಸಿಕೊಳ್ಳಿ. ಇಲ್ಲವಾದರೆ ಕೊನೆಯ ಮೂರು ಅಂಕಕ್ಕೆ ನಿಮ್ಮ ಹತ್ತಿರ ಆಧಾರವೇ ಇರುವುದಿಲ್ಲ.