ಬೂಷ್ಟು ಹಿಡಿದ ಶೇಂಗಾ ಗಾಣಕ್ಕೂ ಬೇಡ

ಚಳ್ಳಕೆರೆ ಕಡೆ ನನ್ನದೊಂದು ಸಣ್ಣ ಎಣ್ಣೆ ಗಾಣ ಇದೆ. ಚೆನ್ನಾಗಿರೋ ಶೇಂಗಾ ತಿನ್ನೋಕೆ, ಬೂಷ್ಟು ಬಂದಿದ್ದು ಗಾಣಕ್ಕೆ ಅನ್ನೋದು ಬಹಳ ಮನೆಗಳ ಲೆಕ್ಕ. ಅಂಥ ಚೀಲವನ್ನು ನಾನು ಒಳಗೆ ಇಳಿಸಿಕೊಳ್ಳುವುದಿಲ್ಲ.

ಚೀಲದ ಬಾಯಿ ಬಿಚ್ಚಿದ ಕೂಡಲೇ ಮೂಸಿ ನೋಡುತ್ತೇನೆ. ಮುಗ್ಗಲು ವಾಸನೆ ಇದ್ದರೆ ತಳದಿಂದ ಒಂದು ಹಿಡಿ ತೆಗೆದು ಮೊರಕ್ಕೆ ಸುರಿಯುತ್ತೇನೆ. ನೆಲದ ತೇವ ಮೊದಲು ತಟ್ಟುವುದು ತಳಕ್ಕೇ. ಕೆಟ್ಟ ಬೀಜದ ಸಿಪ್ಪೆ ಮಂಕಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎರಡು ಹೋಳು ಮಾಡಿದರೆ ಸಂದಿಯಲ್ಲಿ ಹಳದಿ-ಹಸಿರು ಪುಡಿ. ಮೇಲೆ ಏನೂ ಕಾಣದೆ ಒಳಗೆ ಹೀಗಿರುವುದೂ ಉಂಟು.

ಶೇಂಗಾ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನ್. ಬೂಷ್ಟು ಎಣ್ಣೆಗೇ ಬಾಯಿ ಹಾಕುತ್ತದೆ. ಲಿಪೇಸ್ ಅನ್ನೋ ಕಿಣ್ವ ಬಿಟ್ಟು ಕೊಬ್ಬನ್ನು ಒಡೆಯುತ್ತದೆ, ಬಿಡಿ ಕೊಬ್ಬಿನಾಮ್ಲ ಜಾಸ್ತಿಯಾಗುತ್ತದೆ. ಎಣ್ಣೆ ಕಮಟುವುದು ಹೀಗೆ. ಲ್ಯಾಬಿನಲ್ಲಿ ಕೆಲವೊಮ್ಮೆ ಪ್ರೋಟೀನ್ ಶೇಕಡಾವಾರು ಏರಿದ ಹಾಗೆ ಬರುತ್ತದೆ. ಅದನ್ನು ನಂಬಿ ಖುಷಿಪಡಬೇಡಿ, ಬೇರೆ ಸತ್ವ ಕರಗಿದ್ದಕ್ಕೆ ಅದರ ಪಾಲು ದೊಡ್ಡದಾಗಿ ಕಂಡಿರುತ್ತದೆ.

ಸತ್ವ ಹೋದರೆ ಹೋಗಲಿ ಅನ್ನಬಹುದು. ಅಫ್ಲಾಟಾಕ್ಸಿನ್‌ಗೆ ಹಾಗೆ ಅನ್ನೋಕಾಗಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು (ಶಿಲೀಂಧ್ರ) ಮಾಡುವ ಈ ವಿಷ ಲಿವರ್‌ಗೆ ಕುತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆ ಇದು ಬಯಲಾಯಿತು. ಅವಕ್ಕೆ ಹಾಕಿದ್ದ ಮೇವಿನಲ್ಲೂ ಇದ್ದದ್ದು ಶೇಂಗಾ ಹಿಂಡಿಯೇ! ಹುರಿದರೆ ಇದು ಪೂರ್ತಿ ಹೋಗುವುದಿಲ್ಲ. ಗಾಣಕ್ಕೆ ಹಾಕಿದರೆ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಎಣ್ಣೆಗೂ ಬರುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಇಳಿಯುತ್ತದೆ. ಹಾಲು ಕುಡಿಯೋರು ನಮ್ಮ ಮಕ್ಕಳೇ ಅಲ್ವಾ?

ಅದಕ್ಕೇ ಕೊಳ್ಳುವಾಗಲೇ ನೋಡಿ ಕೊಳ್ಳುತ್ತೇನೆ. ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಬೀಜ ಉಜ್ಜಿದರೆ ಸಿಪ್ಪೆ ಬಿಡಬೇಕು. ಆಮೇಲೆ ಮೀಟರ್ ಇಟ್ಟು ನೋಡುತ್ತೇನೆ, ಬೀಜದ ತೇವಾಂಶ ಶೇ. 8 ದಾಟಬಾರದು. ಸುಲಿಯದೆ ಕಾಯಿಯಾಗಿಯೇ ಇಡುತ್ತೇನೆ, ಹಲಗೆ ಮೇಲೆ, ಗೋಡೆಗೆ ತಾಗದಂತೆ. ಬೇಕಾದಷ್ಟನ್ನೇ ಸುಲಿಸುವುದು.

ಸುಲಿಯುವ ಮಿಷನ್‌ನಲ್ಲಿ ಬೀಜ ಒಡೆಯದಿರಲಿ ಅಂತ ಕಾಯಿಗೆ ನೀರು ಚಿಮುಕಿಸುವವರಿದ್ದಾರೆ. ಸುಲಿದ ಬೀಜವನ್ನು ಮತ್ತೆ ಒಣಗಿಸದೆ ಹಾಗೇ ಚೀಲಕ್ಕೆ ತುಂಬುತ್ತಾರೆ. ಆ ಬೀಜ ಎಷ್ಟು ಅಗ್ಗಕ್ಕೆ ಕೊಟ್ಟರೂ ನನಗೆ ಬೇಡ.