ಸೋತ ಪ್ಲೇಟುಗಳ ಸೋಲ್: ಹುಡುಕುವುದು, ಉಳಿಸುವುದು, ಕೇಳಿಸುವುದು ಹೇಗೆ?

‘ಸೋಲ್’ ಅಂತ ಕನ್ನಡದಲ್ಲಿ ಬರೆದರೆ ಸೋಲು ನೆನಪಾಗುತ್ತದೆ. ಹಳೇ ಗ್ರಾಮಫೋನ್ ಪ್ಲೇಟು ಕೂಡಿಡುವ ಈ ಹವ್ಯಾಸದ ಮಟ್ಟಿಗೆ ಅದೇನು ತಪ್ಪು ಅರ್ಥವಲ್ಲ. ಕಪ್ಪುವರ್ಣೀಯ ಅಮೆರಿಕನ್ನರ ಸೋಲ್ ಮತ್ತು ರಿದಮ್ ಅಂಡ್ ಬ್ಲೂಸ್ ಸಂಗೀತದಲ್ಲಿ ಇವತ್ತು ಅಪರೂಪ ಅನ್ನಿಸಿಕೊಳ್ಳುವ ಪ್ಲೇಟುಗಳಲ್ಲಿ ಬಹುಪಾಲು, ಬಂದ ಕಾಲದಲ್ಲಿ ಯಾರೂ ಕೇಳದೆ ಮೂಲೆ ಸೇರಿದವು. ಲಕ್ಷಗಟ್ಟಲೆ ಮಾರಾಟವಾದ ಹಾಡು ಈಗಲೂ ಒಂದೆರಡು ಡಾಲರಿಗೆ ಸಿಗುತ್ತದೆ. ಐನೂರೋ ಸಾವಿರವೋ ಅಚ್ಚಾಗಿ, ಗಾಯಕನೇ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಮಾರಲು ಹೊರಟು, ಮಾರಾಟವಾಗದೆ ವಾಪಸು ತಂದದ್ದಕ್ಕೆ ಚಿನ್ನದ ಬೆಲೆ.

ಕಾರ್ ಕಂಪನಿಯ ಕೆಲಸದ ಮೇಲೆ ನಾನು ಡೆಟ್ರಾಯ್ಟ್ ಪಕ್ಕದ ಊರೊಂದರಲ್ಲಿ ಆರು ವರ್ಷ ಇದ್ದೆ. ಶನಿವಾರ ಬೆಳಗ್ಗೆ ಮನೆ ಖಾಲಿ ಮಾಡುವವರು ಅಂಗಳದಲ್ಲಿ ಸಾಮಾನು ಹರಡಿ ಮಾರುತ್ತಾರೆ. ಅಂಥ ಒಂದು ಕಡೆ ಕುಕ್ಕರ್ ಹುಡುಕಲು ಹೋಗಿ ಹತ್ತು ಡಾಲರಿಗೆ ಒಂದು ರಟ್ಟಿನ ಪೆಟ್ಟಿಗೆ ಪ್ಲೇಟು ಹೊತ್ತು ತಂದೆ. ಕುಕ್ಕರ್ ಸಿಗಲಿಲ್ಲ. ಆಮೇಲೆ ಕಲಿತದ್ದೆಲ್ಲ ಆ ಪೆಟ್ಟಿಗೆಯಿಂದ, ಅದರಲ್ಲೂ ಹಾಳು ಮಾಡಿಕೊಂಡ ಪ್ಲೇಟುಗಳಿಂದ.

ಮೊದಲು ಒಂದು ಮೂಲೆ ಹಿಡಿಯಿರಿ

ಎಲ್ಲವನ್ನೂ ಕೂಡಿಡುತ್ತೇನೆ ಅಂತ ಹೊರಟವರ ಮನೆ ಗುಜರಿ ಅಂಗಡಿಯಾಗುತ್ತದೆ. ಒಂದು ಊರು, ಇಲ್ಲವೇ ಒಂದು ಕಂಪನಿ, ಇಲ್ಲವೇ ನಾಲ್ಕೈದು ವರ್ಷದ ಅವಧಿ ಆರಿಸಿಕೊಳ್ಳಿ. 1949ಕ್ಕೆ ಮುಂಚೆ ಅಮೆರಿಕದ ಸಂಗೀತ ವ್ಯಾಪಾರದ ‘ಬಿಲ್‌ಬೋರ್ಡ್’ ಪತ್ರಿಕೆ ಈ ಸಂಗೀತವನ್ನು ‘ರೇಸ್ ರೆಕಾರ್ಡ್ಸ್’ (ಜನಾಂಗದ ಪ್ಲೇಟುಗಳು) ಅಂತ ಬೇರೆ ಪಂಕ್ತಿಯಲ್ಲಿ ಕೂರಿಸಿತ್ತು. ಆ ವರ್ಷ ಅಲ್ಲಿದ್ದ ಜೆರ್ರಿ ವೆಕ್ಸ್ಲರ್ ಕೊಟ್ಟ ಹೆಸರು ರಿದಮ್ ಅಂಡ್ ಬ್ಲೂಸ್. ಅದೇ ವರ್ಷ ಆರ್‌ಸಿಎ ವಿಕ್ಟರ್ ಕಂಪನಿ ಏಳು ಇಂಚಿನ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಪ್ಲೇಟನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಇಪ್ಪತ್ತೈದು ವರ್ಷದ ಈ ಸಂಗೀತದ ಚರಿತ್ರೆ ಹೆಚ್ಚಾಗಿ ಆ ಏಳು ಇಂಚಿನಲ್ಲೇ ಇದೆ.

ನಾನು ಹಿಡಿದದ್ದು ಡೆಟ್ರಾಯ್ಟ್, 1963ರಿಂದ 68. ಡೆಟ್ರಾಯ್ಟ್ ಅಂದ ಕೂಡಲೇ ಎಲ್ಲರೂ ಮೋಟೌನ್ ಅನ್ನುತ್ತಾರೆ. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಶುರು ಮಾಡಿದ ಕಂಪನಿ ಅದು. ಆದರೆ ಅದರ ನೆರಳಲ್ಲೇ ಗೋಲ್ಡನ್ ವರ್ಲ್ಡ್, ರಿಕ್-ಟಿಕ್, ರೆವಿಲಾಟ್ ಮುಂತಾದ ಸಣ್ಣ ಲೇಬಲ್‌ಗಳು, ಅಂದರೆ ಪ್ಲೇಟು ಹೊರತರುವ ಕಂಪನಿಗಳು, ಇದ್ದವು. ಹಗಲು ಮೋಟೌನಿನಲ್ಲಿ ನುಡಿಸಿದ ವಾದ್ಯಗಾರರೇ ರಾತ್ರಿ ಕದ್ದು ಬಂದು ಇಲ್ಲಿ ನುಡಿಸಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಹೆಸರು ಕೇಳಿರದ ಗಾಯಕನ ಹಿಂದೆ ಕೆಲವೊಮ್ಮೆ ಜಗತ್ಪ್ರಸಿದ್ಧ ಹಾಡುಗಳ ಅದೇ ಬೇಸ್, ಅದೇ ಡ್ರಮ್ಸ್ ಕೇಳಿಸುತ್ತದೆ. 1966ರಲ್ಲಿ ಮೋಟೌನ್ ಗೋಲ್ಡನ್ ವರ್ಲ್ಡನ್ನೇ ಕೊಂಡುಕೊಂಡಿತು. ನಿಮಗೆ ಮೆಂಫಿಸ್ ಬೇಕಾದರೆ ಸ್ಟ್ಯಾಕ್ಸ್ ಮತ್ತು ಗೋಲ್ಡ್‌ವ್ಯಾಕ್ಸ್ ಇವೆ, ಷಿಕಾಗೊ ಬೇಕಾದರೆ ಚೆಸ್ ಮತ್ತು ಒನ್-ಡರ್‌ಫುಲ್. ಯಾವುದಾದರೂ ಸರಿ, ಒಂದನ್ನು ಆಳವಾಗಿ ಕೇಳಿ.

ಪ್ಲೇಟನ್ನು ಓದಲು ಕಲಿಯಿರಿ

ಹಾಡು ಕೇಳುವ ಮುಂಚೆ ಪ್ಲೇಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ನಡುವಿನ ಕಾಗದದ ಮೇಲೆ ಕಂಪನಿಯ ಹೆಸರು, ಸಂಖ್ಯೆ, ಹಾಡಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದವರ ಹೆಸರು, ಪಕ್ಕದಲ್ಲಿ ಪ್ರಕಾಶಕರು, ಎಷ್ಟು ನಿಮಿಷ ಅನ್ನುವುದು ಇರುತ್ತದೆ. ಬರೆದವರ ಹೆಸರನ್ನು ಎಂದೂ ಬಿಡಬೇಡಿ. ಗಾಯಕ ಒಂದೇ ಪ್ಲೇಟು ಮಾಡಿ ಮರೆಯಾಗಿರಬಹುದು. ಹಾಡು ಬರೆದವನು ಹತ್ತು ಕಡೆ ಸಿಗುತ್ತಾನೆ. ಅವನ ಬೆನ್ನು ಹತ್ತಿದರೆ ಮುಂದಿನ ಪ್ಲೇಟು ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಈಗ ಪ್ಲೇಟನ್ನು ಸ್ವಲ್ಪ ಓರೆ ಮಾಡಿ. ಹಾಡಿನ ಗೆರೆಗಳು ಮುಗಿದು ಕಾಗದ ಶುರುವಾಗುವ ಮುನ್ನ ಒಂದು ಬೋಳು ಪಟ್ಟಿ ಇದೆ. ಬೆಳಕು ಅಲ್ಲಿ ಜಾರಿದಾಗ ಅಕ್ಷರ, ಅಂಕಿಗಳು ಕಾಣುತ್ತವೆ: ಕೆಲವು ಮುದ್ರೆಯೊತ್ತಿದವು, ಕೆಲವು ಕೈಯಲ್ಲಿ ಕೊರೆದವು. ಪುಟ್ಟ ತ್ರಿಕೋನ, ಅದರ ಪಕ್ಕ ಒಂದು ಸಂಖ್ಯೆ ಕಂಡರೆ ಅದು ಲಾಸ್ ಏಂಜಲಿಸ್‌ನ ಮೊನಾರ್ಕ್ ಕಾರ್ಖಾನೆಯಲ್ಲಿ ಅಚ್ಚಾದದ್ದು. ಆ ಸಂಖ್ಯೆಗಳು ಏರುತ್ತಾ ಹೋಗುವುದರಿಂದ ಯಾವ ವರ್ಷದ್ದೆಂದೂ ಅಂದಾಜು ಮಾಡಬಹುದು. ನಮ್ಮ ತೋಟದ ಮನೆಯ ಹಳೇ ಕೊಪ್ಪರಿಗೆಯ ಕಂಠದಲ್ಲಿ ಕೊರೆದ ಹೆಸರು ಓದುವ ಸುಖವೇ ಇದರಲ್ಲೂ ಇದೆ.

ಇನ್ನೊಂದು ವಿಷಯ: 45 ಪ್ಲೇಟುಗಳೆಲ್ಲ ವಿನೈಲ್ ಎಂಬ ಬಾಗುವ ಪ್ಲಾಸ್ಟಿಕ್ಕಿನವಲ್ಲ. ಅಮೆರಿಕದ ಹಲವು ಕಾರ್ಖಾನೆಗಳು ಸ್ಟೈರೀನ್ ಎಂಬ ಗಡುಸು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದವು. ಉಗುರಿನಿಂದ ಮೆಲ್ಲಗೆ ತಟ್ಟಿದರೆ ವಿನೈಲ್ ‘ದಬ್’ ಅನ್ನುತ್ತದೆ, ಸ್ಟೈರೀನ್ ‘ಟಿಕ್’ ಅನ್ನುತ್ತದೆ. ಸ್ಟೈರೀನಿನ ನಡುವಿನ ಕಾಗದ, ಅಂದರೆ ಲೇಬಲ್ಲು, ಅಂಟಿಸಿದ್ದಾದ್ದರಿಂದ ಅಂಚು ಎದ್ದಿರುವುದೂ ಉಂಟು. ಬಗ್ಗಿಸಿ ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ, ಹಪ್ಪಳದ ಹಾಗೆ ಮುರಿಯುತ್ತದೆ.

ನಕಲಿ ಹಿಡಿಯಲೂ ಇದೇ ವಿದ್ಯೆ ಬೇಕು. 1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ನೃತ್ಯ ಸಭಾಂಗಣಗಳಲ್ಲಿ ಈ ಸೋತ ಪ್ಲೇಟುಗಳಿಗೆ ಹುಚ್ಚು ಬೇಡಿಕೆ ಬಂತು. ಲಂಡನ್ನಿನಲ್ಲಿ ಅಂಗಡಿ ನಡೆಸುತ್ತಿದ್ದ ಡೇವ್ ಗಾಡಿನ್, ಉತ್ತರದಿಂದ ಬಂದ ಗಿರಾಕಿಗಳು ಕೇಳುತ್ತಿದ್ದ ಬಗೆಯನ್ನು ಗುರುತಿಸಿ ‘ನಾರ್ದರ್ನ್ ಸೋಲ್’ ಅಂತ ಹೆಸರಿಟ್ಟರು. ಬೇಡಿಕೆಯ ಹಿಂದೆಯೇ ಕಳ್ಳ ಅಚ್ಚು ಬಂತು. ಅಸಲು ಸ್ಟೈರೀನ್ ಆಗಿದ್ದು ನಿಮ್ಮ ಕೈಲಿರುವುದು ವಿನೈಲ್ ಆಗಿದ್ದರೆ, ಅಸಲಿನಲ್ಲಿ ಮುದ್ರೆಯೊತ್ತಿದ ಜಾಗದಲ್ಲಿ ಇಲ್ಲಿ ಕೈಬರಹ ಇದ್ದರೆ, ಲೇಬಲ್ಲಿನ ಅಕ್ಷರ ಫೋಟೊದ ಫೋಟೊದಂತೆ ಮಂಕಾಗಿದ್ದರೆ ಜೇಬು ಮುಚ್ಚಿಕೊಳ್ಳಿ.

ಇವೆಲ್ಲದರ ಮೇರು ಫ್ರಾಂಕ್ ವಿಲ್ಸನ್ ಅವರ ಪ್ಲೇಟು. 1965ರಲ್ಲಿ ಮೋಟೌನಿನ ‘ಸೋಲ್’ ಲೇಬಲ್ಲಿಗೆ ಹಾಡಿದ್ದು, ಮಾರುಕಟ್ಟೆಗೆ ಬರುವ ಮುನ್ನವೇ ಕಂಪನಿ ಹಿಂತೆಗೆದುಕೊಂಡಿತು. ಉಳಿದ ಪ್ರತಿಗಳು ಬೆರಳೆಣಿಕೆ. ಇಂಗ್ಲೆಂಡಿನಲ್ಲಿ ಜನ ಮೊದಲು ಕುಣಿದದ್ದು ಎಡ್ಡಿ ಫಾಸ್ಟರ್ ಎಂಬ ಸುಳ್ಳು ಹೆಸರಿನ ಕಳ್ಳ ಪ್ರತಿಗೆ. ಅಸಲು ಪ್ರತಿಯೊಂದು 2009ರಲ್ಲಿ 25,742 ಪೌಂಡಿಗೆ, 2020ರಲ್ಲಿ ಒಂದು 1,00,000 ಪೌಂಡಿಗೆ ಹೋಯಿತು. ನಿಮಗೆ ಸಿಗುತ್ತದೆ ಅಂತ ಕಾಯಬೇಡಿ.

ಕೊಳ್ಳುವಾಗ ‘ವೆರಿ ಗುಡ್’ ನಂಬಬೇಡಿ

ಮಾರುವವರು ಪ್ಲೇಟಿನ ಸ್ಥಿತಿಗೆ ಅಂಕ ಕೊಡುತ್ತಾರೆ: ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ, ಗುಡ್. ಭಾಷೆ ನೋಡಿ ಮೋಸ ಹೋಗುವುದು ಇಲ್ಲೇ. ವಿಜಿ ಅಂದರೆ ವೆರಿ ಗುಡ್, ಆದರೆ ಕೇಳಿದರೆ ಹಾಡಿನುದ್ದಕ್ಕೂ ಒಗ್ಗರಣೆ ಸಿಡಿದ ಸದ್ದು. ಬರೀ ‘ಗುಡ್’ ಅಂದರೆ ಗೋಡೆಗೆ ನೇತು ಹಾಕಬಹುದು. ವಿಜಿ ಪ್ಲಸ್‌ಗಿಂತ ಕೆಳಗಿನದನ್ನು ಬೇರೆಲ್ಲೂ ಸಿಗದಿದ್ದಾಗ ಮಾತ್ರ ತೆಗೆದುಕೊಳ್ಳಿ. ‘ಕಣ್ಣಲ್ಲಿ ನೋಡಿ ಅಂಕ ಕೊಟ್ಟಿರೋ, ಹಾಕಿ ಕೇಳಿ ಕೊಟ್ಟಿರೋ?’ ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ತಡವಾದರೆ ನಿಮಗೆ ಉತ್ತರ ಸಿಕ್ಕಿದಂತೆ.

ಹೊರದೇಶದಿಂದ ತರಿಸುವವರು ಪ್ಲೇಟನ್ನು ಕಾಗದದ ಕವರಿನಿಂದ ಹೊರತೆಗೆದು ಪಕ್ಕದಲ್ಲಿಟ್ಟು, ಎರಡೂ ಬದಿಗೆ ಗಟ್ಟಿ ರಟ್ಟು ಕೊಟ್ಟು ಕಳಿಸಲು ಹೇಳಿ. ಒಳಗೇ ಬಿಟ್ಟರೆ ದಾರಿಯ ಕುಲುಕಾಟಕ್ಕೆ ಪ್ಲೇಟಿನ ಅಂಚು ಕವರನ್ನು ಸೀಳುತ್ತದೆ. ಸುಂಕದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಹತ್ತು ಬಿಡಿಬಿಡಿಯಾಗಿ ತರಿಸುವುದಕ್ಕಿಂತ ಒಟ್ಟಿಗೆ ತರಿಸಿದರೆ ಅಂಚೆ ಖರ್ಚು ಉಳಿಯುತ್ತದೆ.

ತೊಳೆಯುವುದು, ಇಡುವುದು

ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್, ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ, ಎರಡು ಮೈಕ್ರೋಫೈಬರ್ ಬಟ್ಟೆ ಸಾಕು. ಲೇಬಲ್ ನೆನೆಯದಂತೆ, ಗೆರೆ ಸುತ್ತಿದ ದಿಕ್ಕಿನಲ್ಲೇ ಒರೆಸಿ. ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದಂತೆ ನಿಲ್ಲಿಸಿ ಒಣಗಿಸಿ.

ಸ್ಪಿರಿಟ್ ಹತ್ತಿರವೂ ತರಬೇಡಿ. ನನ್ನ ಪೆಟ್ಟಿಗೆಯಲ್ಲಿ 78 ಆರ್‌ಪಿಎಂನ ಒಂದು ರಿದಮ್ ಅಂಡ್ ಬ್ಲೂಸ್ ಪ್ಲೇಟಿತ್ತು. ಜಿಡ್ಡು ಹೋಗಲೆಂದು ಹತ್ತಿಗೆ ಸ್ಪಿರಿಟ್ ಹಾಕಿ ತಿಕ್ಕಿದೆ. ಹತ್ತಿ ಕಪ್ಪಾಯಿತು, ಎಷ್ಟು ಕೊಳೆ ಅಂತ ಖುಷಿಯಿಂದ ಇನ್ನೂ ತಿಕ್ಕಿದೆ. ಬರುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ. ಆ ಕಾಲದ 78ಗಳು ಅರಗಿನವು, ಪಾಂಡವರ ಅರಗಿನ ಮನೆಯ ಅದೇ ಅರಗು. ಬಡಗಿಗಳು ಮೇಜಿಗೆ ಹೊಡೆಯುವ ಪಾಲಿಶಿಗೆ ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುತ್ತಾರೆ. ನಾನು ಒಂದು ಹಾಡನ್ನು ಪಾಲಿಶ್ ಮಾಡಿ ಮುಗಿಸಿದ್ದೆ.

ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಬಿಸಿಲಿಗೆ ನಿಂತ ಕಾರಿನಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಸೊಟ್ಟಗಾಗುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹಳೇ ಕಾಗದದ ಕವರಿಗೆ ಬೂಷ್ಟು ಹಿಡಿದು ಪ್ಲೇಟಿಗೆ ದಾಟುತ್ತದೆ. ಒಳಗೆ ಪಾಲಿಥಿನ್ ಕವರ್ ಹಾಕಿ, ಪಿವಿಸಿ ಬೇಡ. ಅದು ವರ್ಷಗಟ್ಟಲೆ ಅಂಟಿಕೊಂಡಿದ್ದರೆ ಪ್ಲೇಟಿನ ಮೇಲೆ ಮಂಜಿನಂತೆ ಕಲೆ ಬಿಡುತ್ತದೆ.

ನುಡಿಸಿ, ಪ್ರತಿ ಮಾಡಿಟ್ಟುಕೊಳ್ಳಿ

ಅಮೆರಿಕದ 45ರ ನಡುವಿನ ತೂತು ಒಂದೂವರೆ ಇಂಚು, ಅದಕ್ಕೊಂದು ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ಸ್ಟೈರೀನ್ ಪ್ಲೇಟಿಗೆ ದುಂಡು ತುದಿಯ ಸೂಜಿಯೇ ಸರಿ; ಚಪ್ಪಟೆ ತುದಿಯದು ಪ್ರತಿ ಸಲ ಗೆರೆಯನ್ನು ಸ್ವಲ್ಪ ಕೆರೆದು ತಾರಸ್ಥಾಯಿಯನ್ನು ‘ಸ್‌ಸ್’ ಅಂತ ಮಾಡಿಬಿಡುತ್ತದೆ. ಅದಕ್ಕೇ ಪ್ರತಿ ಮಾಡಿಟ್ಟುಕೊಳ್ಳುವುದು, ಒಮ್ಮೆ ನುಡಿಸಿ ಹತ್ತು ಸಲ ಕೇಳಲು.

ಟರ್ನ್‌ಟೇಬಲ್, ಸೂಜಿಯ ಸಣ್ಣ ಸದ್ದನ್ನು ಹಿಗ್ಗಿಸುವ ಫೋನೊ ಪ್ರಿಆ್ಯಂಪ್, ಕಂಪ್ಯೂಟರ್, ಆಡಾಸಿಟಿ ಎಂಬ ಉಚಿತ ತಂತ್ರಾಂಶ ಇದ್ದರಾಯಿತು. 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ವೇವ್ ಫೈಲ್ ಮಾಡಿ. ಸದ್ದಿನ ತುತ್ತತುದಿ ಮೈನಸ್ 6 ಡೆಸಿಬಲ್ ದಾಟದಿರಲಿ. ಚಟಪಟ ಸದ್ದು ತೆಗೆಯುವುದಾದರೆ ಇನ್ನೊಂದು ಪ್ರತಿಯಲ್ಲಿ ತೆಗೆಯಿರಿ. ಮೂಲ ಫೈಲನ್ನು ಮುಟ್ಟಬೇಡಿ, ನಾಳೆ ಇದಕ್ಕಿಂತ ಒಳ್ಳೆಯ ತಂತ್ರಾಂಶ ಬರುತ್ತದೆ. ಫೈಲಿನ ಹೆಸರಿನಲ್ಲಿ ಲೇಬಲ್, ಸಂಖ್ಯೆ, ಬದಿ. ಜೊತೆಗೆ ಎರಡೂ ಲೇಬಲ್ಲಿನ ಫೋಟೊ, ಬೋಳು ಪಟ್ಟಿಯಲ್ಲಿ ಕಂಡದ್ದರ ಟಿಪ್ಪಣಿ. ಕೆಲಸ ಬೇಸರದ್ದೇ. ಆದರೆ ಟಿಪ್ಪಣಿ ಇಲ್ಲದ ಸಾವಿರ ಫೈಲು ಅಂದರೆ ಅಡ್ರೆಸ್ ಇಲ್ಲದ ಸಾವಿರ ಮದುವೆ ಕರೆಯೋಲೆ.

ಹಂಚುವಾಗ

ಇಂಗ್ಲೆಂಡಿನ ಡಿಜೆಗಳಿಗೆ ಒಂದು ಚಾಳಿ ಇತ್ತು. ಅಪರೂಪದ ಪ್ಲೇಟು ಸಿಕ್ಕರೆ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಹೇಳಿ ನುಡಿಸುವುದು. ಬೇರೆಯವರು ಹುಡುಕಿಕೊಳ್ಳಬಾರದಲ್ಲ! ಆ ಪೈಪೋಟಿಯ ಗಮ್ಮತ್ತು ನನಗೂ ಅರ್ಥವಾಗುತ್ತದೆ. ಆದರೆ ಹಾಡಿದವನ ಹೆಸರನ್ನೇ ನುಂಗಿಹಾಕುವುದು ನನಗೆ ಹಿಡಿಸುವುದಿಲ್ಲ. ಮುಚ್ಚಿಡದೆ ಬಿಟ್ಟದ್ದರಿಂದ ಏನಾಗುತ್ತದೆ ನೋಡಿ. ಗ್ಲೋರಿಯಾ ಜೋನ್ಸ್ 1965ರಲ್ಲಿ ಹಾಡಿದ ‘ಟೇಂಟೆಡ್ ಲವ್’ ಪ್ಲೇಟಿನ ಹಿಂಬದಿಯ ಹಾಡು, ಎಲ್ಲೂ ಓಡಲಿಲ್ಲ. 1973ರಲ್ಲಿ ಡಿಜೆ ರಿಚರ್ಡ್ ಸರ್ಲಿಂಗ್ ಅದನ್ನು ಫಿಲಡೆಲ್ಫಿಯಾದಿಂದ ಇಂಗ್ಲೆಂಡಿಗೆ ತಂದರು. ಜನ ಕುಣಿದರು, 1981ರಲ್ಲಿ ಸಾಫ್ಟ್ ಸೆಲ್ ಎಂಬ ಜೋಡಿ ಅದನ್ನೇ ಮತ್ತೆ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಹಾಗೆಂದು ಎಲ್ಲವನ್ನೂ ಅಂತರ್ಜಾಲಕ್ಕೆ ಸುರಿಯಬೇಡಿ. ಅಮೆರಿಕದ 2018ರ ಕಾನೂನಿನ ಪ್ರಕಾರ 1957ರಿಂದ 1972ರ ಫೆಬ್ರವರಿ 14ರವರೆಗಿನ ಧ್ವನಿಮುದ್ರಣಗಳಿಗೆ 2067ರ ಫೆಬ್ರವರಿ 15ರವರೆಗೆ ರಕ್ಷಣೆ ಇದೆ. ಬ್ರಿಟನ್ 2013ರಲ್ಲಿ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತಾದರೂ ಆಗಲೇ ಮುಕ್ತವಾಗಿದ್ದ 1962ರವರೆಗಿನವು ಮುಕ್ತವಾಗಿಯೇ ಉಳಿದವು. ಹಳೇ ರಿದಮ್ ಅಂಡ್ ಬ್ಲೂಸ್ ಸಂಕಲನಗಳು ಅಲ್ಲಿ ಅಗ್ಗಕ್ಕೆ ಬರುವ ಗುಟ್ಟು ಇದೇ. ಭಾರತದಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ. ಇದೆಲ್ಲ ಧ್ವನಿಮುದ್ರಣದ ಹಕ್ಕಿನ ಮಾತು. ಸಾಹಿತ್ಯ ಮತ್ತು ಸ್ವರದ ಹಕ್ಕು ಬೇರೆ, ಅದು ಇನ್ನೂ ಉದ್ದ. ಹಾಗಾಗಿ ನಾನು ಲೇಬಲ್ಲಿನ ಫೋಟೊ, ಬರೆದವರ ಹೆಸರು, ಮುದ್ರಣದ ವಿವರಗಳನ್ನು ಧಾರಾಳವಾಗಿ ಹಂಚುತ್ತೇನೆ. ಹಾಡು ಬೇಕಾದವರಿಗೆ ಹಕ್ಕು ಪಡೆದು ಮರುಮುದ್ರಿಸುವ ಲಂಡನ್ನಿನ ಏಸ್ ಸಂಸ್ಥೆಯ ಕೆಂಟ್, ಷಿಕಾಗೊದ ನ್ಯೂಮೆರೊ ಗ್ರೂಪ್ ಕಡೆ ಬೆರಳು ತೋರಿಸುತ್ತೇನೆ. ನ್ಯೂಮೆರೊ 2004ರಲ್ಲಿ ಓಹಾಯೊದ ಕೊಲಂಬಸ್‌ನ ಕ್ಯಾಪ್‌ಸೋಲ್ ಎಂಬ ಮರೆತ ಲೇಬಲ್ಲಿನ ಹಾಡುಗಳಿಂದಲೇ ಈ ಕೆಲಸ ಶುರು ಮಾಡಿತು.

ಉಳಿದದ್ದು ಹಳೇ ದಾರಿ: ಮನೆಗೆ ಕರೆದು ಕೇಳಿಸುವುದು. ಉತ್ತರ ಇಂಗ್ಲೆಂಡಿನ ವಿಗನ್ ಕ್ಯಾಸಿನೊ ಎಂಬ ನೃತ್ಯ ಸಭಾಂಗಣದಲ್ಲಿ 1973ರಿಂದ 81ರವರೆಗೆ ಮದ್ಯ ಮಾರದೆ ಇಡೀ ರಾತ್ರಿ ಕುಣಿಸಿ, ಬೆಳಗ್ಗೆ ಎಂಟಕ್ಕೆ ಮುಂಚೆ ಪ್ರತಿ ಸಲ ಅದೇ ಮೂರು ಹಾಡು ಹಾಕಿ ಮುಗಿಸುತ್ತಿದ್ದರು. ಮೈಸೂರಿನ ನಮ್ಮ ಹಾಲಿನಲ್ಲಿ ಎಂಟು ಜನ, ಒಂದು ಫ್ಲಾಸ್ಕ್ ಕಾಫಿ, ಇಪ್ಪತ್ತು ಪ್ಲೇಟು. ಹೋದ ಸಲ ಪಕ್ಕದ ಮನೆಯ ಶಾನುಭೋಗರ ಮಾವ ಬಂದಿದ್ದರು, ಎಚ್‌ಎಂವಿ ಕಾಲದವರು. ಪ್ಲೇಟನ್ನು ಬೆಳಕಿಗೆ ಹಿಡಿದು, ‘ಈ ತೂತು ಯಾಕಯ್ಯ ಇಷ್ಟು ದೊಡ್ಡದು?’ ಅಂದರು. ‘ಹತ್ತು ಪ್ಲೇಟು ಪೇರಿಸಿ ಒಂದೊಂದೇ ಬೀಳಿಸೋ ಮೆಷಿನ್ನು ಆ ನಡುವಿನ ಗೂಟದೊಳಗೇ ಇರ್ತಿತ್ತು ಮಾವ,’ ಅಂದೆ. ಅವರು ಹಾಡು ಮುಗಿಯುವವರೆಗೂ ಕಣ್ಣು ಮುಚ್ಚಿ ಕೂತರು. ಆಮೇಲೆ ಕೈ ಚಾಚಿ ಕೇಳಿದ್ದು ಒಂದೇ:

‘ಹಿಂದುಗಡೆ ಏನಿದೆ? ತಿರುಗಿಸಿ ಹಾಕು.’